ಊರ ಹೆಸರು ಹೊತ್ತ ಹೊತ್ತಿಗೆಗಳು

ನಮ್ಮ ತಾಯಿಯವರು ಅಕ್ಷರ ಕಲಿತವರಲ್ಲ. ಆದರೂ ಮನೆಯಲ್ಲಿದ್ದ ಗ್ರಂಥಗಳನ್ನು ಒಂದೊಂದಾಗಿ ಗುರುತಿಸಿ ಹೆಸರು ಹಿಡಿದು ಕರೆಯಬಲ್ಲವರಾಗಿದ್ದರು. ಕುಷ್ಟಗಿ ತಾಲೂಕಿನ ಆ ಹಳ್ಳಿಮನೆಯ ಪಡಸಾಲೆಯಲ್ಲಿ, ದೇವರ ಜಗುಲಿಯ ಪಕ್ಕದ ಗೋಡೆಯ ಮಾಡದಲ್ಲಿ, ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ನಾಲ್ಕು ಪುಸ್ತಕಗಳಿದ್ದವು. ಎಲ್ಲಕ್ಕಿಂತ ದಪ್ಪನೆಯದು 'ಗದಗಿನ ಪುಸ್ತಕ'. ಅದಕ್ಕಿಂತ ತುಸು ಸಣ್ಣದು 'ತೊರವಿ ಪುಸ್ತಕ'. ಹಳದಿ ರಟ್ಟಿನದು 'ಹುಬ್ಬಳ್ಳಿ ಪುಸ್ತಕ'. ನಾಲ್ಕನೆಯದು ಅಂಗೈಯಗಲದ್ದು, ಅದು 'ಗವಿಮಠದ ಪುಸ್ತಕ'. ಮೊದಲಿನ ಎರಡು ಯಾವುವೆಂದು ಓದುಗ ಬಂಧುಗಳು ಊಹಿಸಿರಬಹುದು: ಕುಮಾರವ್ಯಾಸನ ಭಾರತ, ಕುಮಾರ ವಾಲ್ಮೀಕಿಯ ರಾಮಾಯಣ. ಹುಬ್ಬಳ್ಳಿಯ ಪುಸ್ತಕವೆಂದರೆ ಬಸವಪುರಾಣ. ತಂದೆಯವರು ಅದನ್ನು ಹುಬ್ಬಳ್ಳಿಯ ಪೇಟೆಯಲ್ಲಿ ಕೊಂಡು ತಂದದ್ದೇ ಆ ಹೆಸರಿಗೆ ಕಾರಣ. ಗವಿಮಠದ್ದು ಕೊಪ್ಪಳದ ಜಾತ್ರೆಯಲ್ಲಿ ಕೊಂಡ ವಚನಗಳ ಕಿರುಹೊತ್ತಿಗೆ.

ಹತ್ತನೆಯ ವಯಸ್ಸಿಗೆ ನಮ್ಮನ್ನು ಮಠಕ್ಕೆ ಓದಲು ಬಿಟ್ಟರು. ಐದಾರು ವರ್ಷ ಕಳೆಯುವಷ್ಟರಲ್ಲಿ ಅಮರಕೋಶ ಬಾಯಿಗೆ ಬಂದಿತ್ತು, ಷಟ್ಪದಿಯ ಮಾತ್ರೆ ಎಣಿಸಲು ಬರುತ್ತಿತ್ತು, ಅವುಗಳ ಜೊತೆಗೆ ಸ್ವಲ್ಪ ಅಹಂಕಾರವೂ ಬಂದಿತ್ತು. ಶ್ರಾವಣದಲ್ಲಿ ಊರಿಗೆ ಹೋದಾಗ ತಾಯಿಯವರು, "ಸಂಜೀಕ ಗದಗಿನ ಪುಸ್ತಕ ಓದು" ಎಂದರು. ಅದು ಗದಗಿನ ಪುಸ್ತಕವಲ್ಲ, ಕವಿ ಇಟ್ಟ ಹೆಸರು 'ಕರ್ಣಾಟ ಭಾರತ ಕಥಾಮಂಜರಿ' ಎಂದು ನಾವು ತಿದ್ದಿದೆವು. ಅವರು ಬೀಸುವ ಕಲ್ಲಿನಿಂದ ಕೈ ತೆಗೆಯದೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಕರ್ನಾಟಕ ಅನ್ನೂದು ಎಲ್ಲೈತೋ ತಮ್ಮಾ, ನಾ ಕಂಡಿಲ್ಲ. ಗದಗ ಕಂಡೀನಿ. ನಿಮ್ಮಪ್ಪನ ಕೂಡ ಹತ್ತಿ ಬಂಡಿ ಮ್ಯಾಲೆ ಹೋಗೀನಿ. ವೀರನಾರಾಯಣನ ಗುಡೀನೂ ನೋಡೀನಿ."

ಅವರು ಹುಟ್ಟಿದ್ದು ನಿಜಾಮರ ರಾಜ್ಯದಲ್ಲಿ. 1956ರಲ್ಲಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಆ ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾದದ್ದು 1973ರ ನವೆಂಬರ್ 1ರಂದು. ಈ ಸಂವಾದ ನಡೆದದ್ದು ಅದರ ಎರಡು ವರ್ಷದ ನಂತರ. ಅವರ ಪಾಲಿಗೆ ಅದಿನ್ನೂ ಸರಕಾರದ ಕಾಗದದ ಮೇಲಿನ ಹೆಸರಾಗಿತ್ತು.

ಆ ಉತ್ತರದಲ್ಲಿ ಎಷ್ಟು ಸಾಹಿತ್ಯ ಚರಿತ್ರೆ ಅಡಗಿತ್ತೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಕವಿ ತನ್ನ ಕೃತಿಗೆ ಇಡೀ ನಾಡಿನ ಹೆಸರನ್ನಿಟ್ಟನು. ಜನರು ಅದನ್ನು ಒಂದು ಊರಿನ ಹೆಸರಿಗೆ ಇಳಿಸಿದರು. ಇಳಿಸಿದರು ಎನ್ನುವುದು ತಪ್ಪಾದೀತು. ಕಾಲು ಮುಟ್ಟುವ ನೆಲಕ್ಕೆ ತಂದರು. ಕೋಳಿವಾಡದ ನಾರಣಪ್ಪನು ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು ಭಾರತದ ಹತ್ತು ಪರ್ವಗಳನ್ನು ಬರೆದನೆಂಬುದು ಪರಂಪರೆಯ ನಂಬಿಕೆ. ಆ ದೇವರೇ ಕವಿ, ತಾನು ಬರೆದುಕೊಳ್ಳುವವನಷ್ಟೇ ಎಂಬ ಅರ್ಥದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಕವಿಯೇ ಹಿಂದೆ ಸರಿದು ನಿಂತ ಮೇಲೆ ಪುಸ್ತಕಕ್ಕೆ ಉಳಿಯುವ ಹೆಸರು ದೇವರದು ಅಥವಾ ಊರಿನದು. 1958ರಲ್ಲಿ ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಜನಪ್ರಿಯ ಆವೃತ್ತಿ ಹೊರಬಂದಾಗ ಮುಖಪುಟದಲ್ಲಿ ಕವಿ ಇಟ್ಟ ಹೆಸರೇ ಅಚ್ಚಾಯಿತು. ಆದರೆ ಅದನ್ನು ಕೊಂಡು ಮನೆಗೊಯ್ದವರು ಗದುಗಿನ ಭಾರತವೆಂದೇ ಕರೆದರು. ವಿಜಯಪುರದ ಬಳಿಯ ತೊರವೆಗೂ ಇದೇ ಭಾಗ್ಯ. ಅಲ್ಲಿಯ ನರಸಿಂಹನ ಭಕ್ತನಾದ ನರಹರಿ ತನ್ನನ್ನು ಕುಮಾರ ವಾಲ್ಮೀಕಿ ಎಂದು ಕರೆದುಕೊಂಡನು; ಪುಸ್ತಕ ಮಾತ್ರ ತೊರವೆ ರಾಮಾಯಣವಾಯಿತು. ನಮಗೆ ತಿಳಿದಂತೆ ಕನ್ನಡದಲ್ಲಿ ಊರ ಹೆಸರನ್ನು ಇಷ್ಟು ಗಟ್ಟಿಯಾಗಿ ಹೊತ್ತ ಕಾವ್ಯಗಳು ಇವೆರಡೇ, ಮತ್ತು ಎರಡಕ್ಕೂ ಆ ಹೆಸರಿಟ್ಟವರು ಕವಿಗಳಲ್ಲ, ಓದಿಸಿ ಕೇಳಿದವರು. ತಾಯಿಯವರ ಹುಬ್ಬಳ್ಳಿ ಪುಸ್ತಕಕ್ಕೂ ಗದಗಿನ ಪುಸ್ತಕಕ್ಕೂ ಇದ್ದ ಅಂತರ ಇಷ್ಟೇ: ಒಂದನ್ನು ನಾಡೆಲ್ಲ ಒಪ್ಪಿತು, ಇನ್ನೊಂದು ನಮ್ಮ ಮನೆಯ ಹೊಸ್ತಿಲು ದಾಟಲಿಲ್ಲ.

ಇಲ್ಲಿ ನಮ್ಮ ಸಮಾಜದ ಪುರಾಣ ಕಾವ್ಯಗಳ ಕಡೆಗೆ ನೋಡಿದರೆ ವಿಚಿತ್ರವೊಂದು ಕಾಣುತ್ತದೆ. ಬಸವಪುರಾಣ, ಚೆನ್ನಬಸವ ಪುರಾಣ, ಸಿದ್ಧರಾಮ ಚಾರಿತ್ರ, ಪ್ರಭುಲಿಂಗಲೀಲೆ - ಎಲ್ಲವೂ ವ್ಯಕ್ತಿಗಳ ಹೆಸರಿನವು. ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದು ತಿಳಿದ ಪರಂಪರೆಗೆ ಇದು ಸಹಜವೇ. 'ಏಕೋತ್ತರ ಶತಸ್ಥಲ'ದಂಥ ಗ್ರಂಥದ ಹೆಸರಿನಲ್ಲಿ ಸ್ಥಲವೆಂಬ ಮಾತಿದ್ದರೂ ಆ ನೂರಾ ಒಂದು ಸ್ಥಲಗಳಿಗೆ ಹೋಗುವ ದಾರಿಯನ್ನು ಯಾವ ಬಂಡಿಯವನೂ ಹೇಳಲಾರ. ಆದರೆ ಬಸವಣ್ಣನವರ ಪ್ರತಿಯೊಂದು ವಚನದ ಕೊನೆಗೆ ಬರುವ ಅಂಕಿತದಲ್ಲಿ ಕೃಷ್ಣೆ ಮಲಪ್ರಭೆಯರು ಕೂಡುವ ಒಂದು ಊರಿದೆ. ಹೆಸರಿನಲ್ಲಿ ಬೇಡವೆಂದು ಬಿಟ್ಟ ಊರು ಅಂಕಿತದಲ್ಲಿ ಬಂದು ಕುಳಿತಿದೆ. ಇದನ್ನು ನಮ್ಮ ವಿದ್ಯಾಗುರುಗಳಿಗೆ ಒಮ್ಮೆ ಅರಿಕೆ ಮಾಡಿಕೊಂಡಾಗ ಅವರು ನಕ್ಕು, "ಬಂದದ್ದು ಊರಲ್ಲವಪ್ಪಾ, ಕೂಡಲು" ಎಂದರು. ಅದನ್ನು ಮನನ ಮಾಡಲು ನಮಗೆ ಕೆಲವು ವರ್ಷಗಳೇ ಬೇಕಾದವು.

ಕಲ್ಯಾಣದ ಹೆಸರೂ ಅಂಥದೇ. ಬಿ. ಪುಟ್ಟಸ್ವಾಮಯ್ಯನವರ 'ಕ್ರಾಂತಿ ಕಲ್ಯಾಣ' ಕಾದಂಬರಿಗೆ 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅದನ್ನು ನಾವು ಮೂರು ಬಾರಿ ಓದಿದ್ದೇವೆ. ಶೀರ್ಷಿಕೆಯ ಕಲ್ಯಾಣವು ಬಿಜ್ಜಳನ ರಾಜಧಾನಿಯೋ ಲೋಕದ ಹಿತವೋ ಎಂದು ಪ್ರತಿಬಾರಿಯೂ ಅನುಮಾನ ಬರುತ್ತದೆ. ಅದು ಬರಲೆಂದೇ ಲೇಖಕರು ಹಾಗೆ ಇಟ್ಟಿರಬೇಕು. 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟಾಗ ನಾವು ಮೊದಲು ನೆನೆದದ್ದು ಆ ಪುಸ್ತಕವನ್ನೇ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಓದುಗರೆಲ್ಲ ಈಗ ಆ ಹೆಸರಿನೊಳಗೇ ವಾಸವಾಗಿದ್ದೇವೆ.

ಮಠದಲ್ಲಿ ಓದುವ ಕಾಲಕ್ಕೆ ಕದ್ದು ಓದಿದ ಪುಸ್ತಕವೊಂದರ ಹೆಸರಿನಲ್ಲಿಯೂ ಊರಿತ್ತು. ಅದನ್ನು ಮರೆಮಾಚುವ ವಯಸ್ಸು ಈಗ ನಮ್ಮದಲ್ಲ. 1942ರಲ್ಲಿ ಮೊದಲು ಪ್ರಕಟವಾದ ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'. ದಾಂಪತ್ಯದ ಕವಿತೆಗಳನ್ನು ವಟುಗಳು ಓದಬಾರದೆಂದು ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಸಿದ್ಧಾಂತ ಶಿಖಾಮಣಿಯ ಕೆಳಗಿಟ್ಟು ಓದುತ್ತಿದ್ದ ಪ್ರತಿ ಒಂದು ದಿನ ಮಾಯವಾಯಿತು. ಮೂರು ದಿನಗಳ ನಂತರ ಅದೇ ಜಾಗದಲ್ಲಿ ಮರಳಿ ಕಂಡಿತು. ಗುರುಗಳು ಒಂದು ಮಾತನ್ನೂ ಆಡಲಿಲ್ಲ. ಆದರೆ ನಾವು ಮಡಿಸದೇ ಇದ್ದ ಒಂದು ಹಾಳೆಯ ಮೂಲೆ ಮಡಿಸಿತ್ತು. ಕವಿಗಳು ಮಂಡ್ಯ ಸೀಮೆಯ ಕಿಕ್ಕೇರಿಯವರು, ಕವಿತೆಯೊಳಗೆ ಬರುವುದು ನವಿಲೂರು, ಹೊರಗಿನ ಹೆಸರು ಮಾತ್ರ ಮೈಸೂರಿನದು. ಎಲ್ಲಿಯ ಹುಡುಗಿ ಮುಡಿದರೂ ಮಲ್ಲಿಗೆಗೆ ಮೈಸೂರಿನ ಹೆಸರೇ ಸಲ್ಲುವಂತೆ ಇದು.

ಈಗ ನಮ್ಮ ಸೀಮೆಗೆ ಬರೋಣ. ನಾಲ್ಕು ತಾಲೂಕುಗಳಲ್ಲಿ ಗ್ರಂಥನಾಮದ ಭಾಗ್ಯ ಹೆಚ್ಚಾಗಿ ಒದಗಿದ್ದು ಗಂಗಾವತಿಗೆ. ವಾಲ್ಮೀಕಿ ರಾಮಾಯಣದ ಕಾಂಡಗಳಲ್ಲಿ ಊರ ಹೆಸರಿರುವುದು ಎರಡಕ್ಕೆ ಮಾತ್ರ. ಒಂದು ಅಯೋಧ್ಯೆ, ಇನ್ನೊಂದು ಕಿಷ್ಕಿಂಧೆ. ಆನೆಗೊಂದಿಯ ಸುತ್ತಣ ಬೆಟ್ಟಗಳೇ ಕಿಷ್ಕಿಂಧೆ, ಅಂಜನಾದ್ರಿಯೇ ಹನುಮನ ಜನ್ಮಸ್ಥಳ ಎಂಬುದು ಈ ನೆಲದ ಜನರ ನಂಬುಗೆ. ಕಿಷ್ಕಿಂಧಾ ಕಾಂಡವು ಪಂಪೆಯ ದಡದಲ್ಲಿ ರಾಮನು ಮಾಡುವ ಶೋಕದಿಂದ ಆರಂಭವಾಗುತ್ತದೆ. ಆ ಸರ್ಗವನ್ನು ನಾವು ಪಂಪಾ ಸರೋವರದ ಮೆಟ್ಟಿಲ ಮೇಲೆ ಕುಳಿತು ಓದಿದ್ದುಂಟು. ಅಂದು ಜನಸಂಚಾರ ವಿರಳ, ನೀರಿನಲ್ಲಿ ತಾವರೆ ಇದ್ದವು. ವಾಲ್ಮೀಕಿಗಳು ವರ್ಣಿಸುವ ವಸಂತಕ್ಕೂ ನಮ್ಮ ಕಡೆಯ ಬಿಸಿಲಿಗೂ ಅಷ್ಟಾಗಿ ಹೊಂದಿಕೆ ಕಾಣಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಅದೇ ಪಂಪೆಯ ಹೆಸರಿನಲ್ಲಿ ಹಂಪೆಯ ಹರಿಹರನು 'ಪಂಪಾಶತಕ' ಬರೆದನು. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಗುವ ನಿಯಮದಂತೆ ಪಂಪೆಯು ಹಂಪೆಯಾಯಿತು, ಪುಲಿಗೆರೆಯು ಹುಲಿಗೆರೆಯಾದ ಹಾಗೆ. ಹೊಳೆಯ ಆಚೆಗಿನ ವಿರೂಪಾಕ್ಷನಿಗೆ ಸಂದ ಶತಕವಾದರೂ ಈಚೆಯ ಗಂಗಾವತಿಯವರು ಪಂಪೆಯಲ್ಲಿ ಅರ್ಧ ಪಾಲು ಕೇಳಿದರೆ ತಪ್ಪಿಲ್ಲ. ರಾಬರ್ಟ್ ಸೀವೆಲ್ ಎಂಬ ಆಂಗ್ಲ ಅಧಿಕಾರಿ 1900ರಲ್ಲಿ ವಿಜಯನಗರದ ಮೇಲೆ ಬರೆದ ದೊಡ್ಡ ಗ್ರಂಥದ ಶೀರ್ಷಿಕೆಯಲ್ಲಿ ಅದನ್ನು ಮರೆತುಹೋದ ಸಾಮ್ರಾಜ್ಯವೆಂದು ಕರೆದನು. ಗ್ರಂಥ ಉಪಕಾರಿಯಾದುದು, ಪೋರ್ಚುಗೀಜ ಪ್ರವಾಸಿಗಳಾದ ಪಯಸ್ ಮತ್ತು ನೂನಿಜರ ಬರವಣಿಗೆಯನ್ನು ಅದರಿಂದಲೇ ಅನೇಕರು ತಿಳಿದರು. ಆದರೆ ಮರೆತವರು ಯಾರು? ಆನೆಗೊಂದಿಯ ಯಾವ ಮುದುಕಿಯನ್ನು ಕೇಳಿದ್ದರೂ ಆ ವಿಶೇಷಣ ಶೀರ್ಷಿಕೆಯಿಂದ ಬಿದ್ದುಹೋಗುತ್ತಿತ್ತು. ಈಚೆಗೆ, 2019ರಲ್ಲಿ, ವಸುಧೇಂದ್ರರ 'ತೇಜೋ ತುಂಗಭದ್ರಾ' ಬಂದಿತು. ಲಿಸ್ಬನ್ ನಗರದ ನದಿಯ ಪಕ್ಕಕ್ಕೆ ನಮ್ಮ ಹೊಳೆಯನ್ನು ಹರಿಸಿದ ಹೆಸರು. ನಮ್ಮ ವಯಸ್ಸಿನವರಿಗೆ ಕೆಲವು ಪುಟಗಳು ಕಠಿಣವೆನಿಸಿದರೂ ಕೆಳಗಿಡಲಾಗಲಿಲ್ಲ.

ಕೊಪ್ಪಳದ ಮಾತು ಬೇರೆ. ಅದರ ಹೆಸರು ಕನ್ನಡದಷ್ಟೇ ಹಳೆಯದೆಂದರೂ ಅತಿಶಯವಾಗದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ನಾಲ್ಕು ಊರುಗಳಿಂದ ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣನಗರವನ್ನೂ ಹೇಳುತ್ತದೆ. ರನ್ನನು ಅತ್ತಿಮಬ್ಬೆಯ ಪಾವಿತ್ರ್ಯಕ್ಕೆ ಹೋಲಿಕೆ ಹುಡುಕುವಾಗ ಕೊಪಣಾಚಲವನ್ನು ತರುತ್ತಾನೆ. ಇಷ್ಟಾದರೂ ಕೊಪ್ಪಳದ ಹೆಸರು ಹೊತ್ತ ಪುಸ್ತಕಕ್ಕಾಗಿ ಹುಡುಕಿದಾಗ ನಮಗೆ ಮೊದಲು ದೊರೆತದ್ದು ಇಂಗ್ಲಿಷಿನದು.

1985ರಲ್ಲಿ ಬೇರೊಂದು ಕೆಲಸಕ್ಕೆಂದು ಧಾರವಾಡದ ಗ್ರಂಥಾಲಯವೊಂದರಲ್ಲಿ ಕುಳಿತಿದ್ದೆವು. ಹಳೆಯ ಹೈದರಾಬಾದ್ ಸರಕಾರದ ಪ್ರಾಕ್ತನ ಗ್ರಂಥಮಾಲೆಯ ತೆಳ್ಳನೆಯ ಸಂಪುಟವೊಂದು ಕೈಗೆ ಬಂದಿತು. ಮುಖಪುಟದ ಮೇಲೆ 'ಗವಿಮಠ' ಎಂಬ ಅಕ್ಷರಗಳು. ಕಣ್ಣನ್ನು ನಂಬಲಾಗಲಿಲ್ಲ. ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕನ ಶಾಸನಗಳು ಎಂಬ ಅರ್ಥದ ಶೀರ್ಷಿಕೆ. ಕರ್ತೃ ಲಂಡನ್ನಿನ ಭಾಷಾವಿದ್ವಾಂಸ ಆರ್. ಎಲ್. ಟರ್ನರ್, ಪ್ರಕಟವಾದ ವರ್ಷ 1932. ಕೊಪ್ಪಳದವರೇ ಆದ ಎನ್. ಬಿ. ಶಾಸ್ತ್ರಿಗಳು 1931ರಲ್ಲಿ ಈ ಎರಡೂ ಶಾಸನಗಳನ್ನು ಬೆಳಕಿಗೆ ತಂದಿದ್ದರು. ಮರುವರ್ಷವೇ ಪುಸ್ತಕ ಸಿದ್ಧವಾಗಿತ್ತು. ಅದೇ ಮಾಲೆಯ ಮೊದಲ ಸಂಪುಟ 1915ರದು, ಹೆಚ್. ಕೃಷ್ಣಶಾಸ್ತ್ರಿಗಳು ಮಸ್ಕಿಯ ಶಾಸನವನ್ನು ಕುರಿತು ಬರೆದದ್ದು. ಶಾಸನದಲ್ಲಿ ಅಶೋಕನ ಸ್ವಂತ ಹೆಸರು ಮೊದಲು ದೊರೆತದ್ದು ಆ ಮಸ್ಕಿಯಲ್ಲಿಯೇ. ಮುಂದೆ 1935ರಲ್ಲಿ ಸಿ. ಆರ್. ಕೃಷ್ಣಮಾಚಾರ್ಲು ಅವರು ಕೊಪ್ಪಳದ ಕನ್ನಡ ಶಾಸನಗಳನ್ನು ಸಂಪಾದಿಸಿ ಅದೇ ಮಾಲೆಯಲ್ಲಿ ಪ್ರಕಟಿಸಿದರು. ನಿಜಾಮರ ಕಾಲದ ಅಚ್ಚಿನಲ್ಲಿ ಕೊಪ್ಪಳವು 'ಕೊಪಬಾಳ'ದಂತೆ ವಿಕಾರವಾಗಿ ಮೂಡಿದೆ. ಆದರೂ ನಮ್ಮದೇ.

ನಮಗೆ ಆದದ್ದು ಸಂತೋಷವೋ ನಾಚಿಕೆಯೋ ತಿಳಿಯದು. ಬಾಲ್ಯದಿಂದ ಪ್ರತಿ ಪುಷ್ಯ ಮಾಸದ ಜಾತ್ರೆಗೆ ಹೋದವರು, ಗವಿಸಿದ್ಧೇಶ್ವರರ ದರ್ಶನ ಮಾಡಿ ಆ ಬೆಟ್ಟವನ್ನು ಹತ್ತಿದವರು, ಆ ಚಪ್ಪರಗಲ್ಲಿನ ನೆರಳಿನಲ್ಲಿ ರೊಟ್ಟಿಯ ಬುತ್ತಿ ಬಿಚ್ಚಿ ಉಂಡವರು ನಾವು. ಮಗ್ಗುಲಲ್ಲಿಯೇ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಮಾತೊಂದು ಕಾದಿತ್ತು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನದಿಂದ ಸದ್ಗತಿಯನ್ನು ಪಡೆಯಬಲ್ಲರು ಎಂಬುದು ಅದರ ಸಾರ. ಅದನ್ನು ತಿಳಿಸಲು ಲಂಡನ್ನಿನ ಪ್ರಾಧ್ಯಾಪಕರು ಬೇಕಾದರು. ಪಾಲ್ಕಿಗುಂಡಿನ ಶಾಸನವಾದರೋ ಮಳೆಗಾಳಿಗೆ ಸವೆದು ಅಲ್ಲಲ್ಲಿ ಅಕ್ಷರಗಳಷ್ಟೇ ಉಳಿದಿವೆ. ಪುಸ್ತಕದ ಹೆಸರಿನಲ್ಲಿ ಮಾತ್ರ ಎರಡೂ ಸಮಸಮ.

ಮೂರು ದಿನ ಕುಳಿತು ಆ ಸಂಪುಟವನ್ನು ನೋಟುಬುಕ್ಕಿಗೆ ಇಳಿಸಿಕೊಂಡೆವು. ಮರುವರ್ಷದ ಜಾತ್ರೆಗೆ ತಾಯಿಯವರನ್ನು ಕರೆದೊಯ್ದು ಆ ಅಕ್ಷರಗಳನ್ನು ತೋರಿಸಿದೆವು. ಅವರು ಸೆರಗು ಸರಿಪಡಿಸಿಕೊಂಡು, ಬಂಡೆಗೆ ಕೈಮುಗಿದು ಕೇಳಿದರು: "ಇದು ಯಾವ ಊರಿನ ಪುಸ್ತಕೋ?" ಈ ಬಾರಿ ನಾವು ತಿದ್ದಲು ಹೋಗಲಿಲ್ಲ. "ಗವಿಮಠದ್ದವ್ವಾ" ಎಂದೆವು.

ಕುಷ್ಟಗಿ, ಯಲಬುರ್ಗಾಗಳ ಹೆಸರು ಹೊತ್ತ ಪುಸ್ತಕಗಳಾವುವು ಎಂದು ಓದುಗರು ಕೇಳಬಹುದು. ಯಲಬುರ್ಗಾದ ಹೆಸರು ಇತಿಹಾಸಕಾರರಿಗೆ ಪರಿಚಿತವಾದುದೇ. ಎರಂಬರಗೆಯ ಸಿಂದರೆಂದು ಅವರು ಕರೆಯುವ ಮಾಂಡಲಿಕರ ರಾಜಧಾನಿ ಅದು; ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಪರವಾಗಿ ಕಾದಿದ ಎರಡನೆಯ ಆಚುಗಿ ಆ ವಂಶದವನು. ಅದೇ ಸೀಮೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದಂಡನಾಯಕನು ಕಟ್ಟಿಸಿದ ಗುಡಿಯನ್ನು ಶಾಸನವೇ ದೇವಾಲಯ ಚಕ್ರವರ್ತಿ ಎಂದು ಹೊಗಳಿದೆ. ಈಗ ಕುಕನೂರು ಪ್ರತ್ಯೇಕ ತಾಲೂಕಾಗಿ ಇಟಗಿ ಅದಕ್ಕೆ ಸೇರಿದೆ. ಆ ನೆಲದ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಕಾವ್ಯಾನಂದ ಸಿದ್ಧಯ್ಯ ಪುರಾಣಿಕರು ತಮ್ಮ ಸಂಕಲನವೊಂದಕ್ಕೆ 'ಮಾನಸ ಸರೋವರ' ಎಂದು ಹೆಸರಿಟ್ಟರು. ನೀರಿಗೆ ಬಾಯಿಬಿಡುವ ಸೀಮೆಯ ಕವಿಗೆ ಹಿಮಾಲಯದಾಚೆಯ ಸರೋವರ ನೆನಪಾದುದರಲ್ಲಿ ನಮಗೇನೂ ಸೋಜಿಗವಿಲ್ಲ. ಆದರೆ ಶ್ರಾವಣದ ಸಂಜೆ, "ಯಲಬುರ್ಗಿ ಪುಸ್ತಕ ತೆಗಿ", "ಕುಷ್ಟಗಿ ಪುಸ್ತಕ ಓದು" ಎಂದು ತಾಯಂದಿರು ಹೇಳುವಂಥದು ನಮ್ಮ ತಿಳಿವಳಿಕೆಗೆ 1 ಕೂಡ ಬಂದಿಲ್ಲ.

ಬಂದಿಲ್ಲವೆಂದು ಬರೆಯುವಾಗ ಕೈ ತಡೆಯುತ್ತದೆ. ಒಂದಿತ್ತು. ಅದು ಹೋದದ್ದು ನಮ್ಮಿಂದಲೇ.

ತಾಯಿಯವರು 1996ರಲ್ಲಿ ಲಿಂಗೈಕ್ಯರಾದರು. ಮರುವರ್ಷ ಆಗಸ್ಟಿನಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯನ್ನು ಅವರು ಕಾಣಲಿಲ್ಲ. ಮನೆ ಹಿಸ್ಸೆಯಾಗುವಾಗ ತಮ್ಮನು ಕಾಗದ ಬರೆದು, ಮಾಡದಲ್ಲಿಯ ಪುಸ್ತಕಗಳು ಬೇಕೇ ಎಂದು ಕೇಳಿದನು. ನಮ್ಮ ಬಳಿ ಶುದ್ಧವಾದ, ಪಾಠಾಂತರ ಸಹಿತವಾದ ಆವೃತ್ತಿಗಳಿವೆ, ಹುಳ ತಿಂದ ಆ ಪ್ರತಿಗಳಿಂದ ಪ್ರಯೋಜನವಿಲ್ಲ ಎಂದು ಉತ್ತರಿಸಿದೆವು. ಅವನು ನಮ್ಮ ಮಾತನ್ನು ನಡೆಸಿದನು. ಹಳೆಯ ಪಂಚಾಂಗಗಳ ಜೊತೆಗೆ ಅವೂ ರದ್ದಿಯವನ ತಕ್ಕಡಿ ಏರಿದವು.

ಗದಗಿನ ಪುಸ್ತಕದ ಅಂಚುಗಳಲ್ಲಿ ನಮ್ಮ ತಂದೆಯವರು ಸೀಸದ ಕಡ್ಡಿಯಿಂದ ಬರೆಯುತ್ತಿದ್ದರು. ಯಾವ ಶ್ರಾವಣದಲ್ಲಿ ಯಾವ ಪರ್ವ ಓದಿದರು, ಅರ್ಥ ಹೇಳಿದವರಾರು, ಆ ವರ್ಷ ಯಾವ ಮಳೆ ಹಿಡಿಯಿತು, ಯಾವುದು ಕೈಕೊಟ್ಟಿತು, ಗದಗಿನ ಪೇಟೆಯಲ್ಲಿ ಹತ್ತಿಯ ಧಾರಣೆ ಎಷ್ಟು, ಯಾರ ಮನೆಯಲ್ಲಿ ಕೂಸು ಹುಟ್ಟಿತು, ಯಾವ ಹೊಲಕ್ಕೆ ಹಳಬರು ಏನೆಂದು ಕರೆಯುತ್ತಿದ್ದರು. ಮಠದ ವಿದ್ಯಾರ್ಥಿಯಾಗಿದ್ದಾಗ ಅದನ್ನು ನೋಡಿ, ಗ್ರಂಥವನ್ನು ಕೆಡಿಸಿದ್ದಾರಲ್ಲ ಎಂದು ಮನಸ್ಸಿನಲ್ಲಿಯೇ ಮಿಡುಕಿದ್ದೆವು. ನಮ್ಮ ಊರಿನ ಹೆಸರಿಡಬಹುದಾದ ಪುಸ್ತಕ ಯಾವುದಾದರೂ ಇದ್ದರೆ ಅದು ಆ ಅಂಚುಗಳಲ್ಲಿತ್ತು. ಅದಕ್ಕೆ ಪಾಠಾಂತರವಿಲ್ಲ, ಎರಡನೆಯ ಆವೃತ್ತಿಯೂ ಇಲ್ಲ.

2011ರ ಡಿಸೆಂಬರಿನಲ್ಲಿ ಗಂಗಾವತಿಯಲ್ಲಿ 78ನೆಯ ಸಾಹಿತ್ಯ ಸಮ್ಮೇಳನ ನೆರವೇರಿದಾಗ ಮಳಿಗೆಗಳಲ್ಲಿ ತಿರುಗಿ ಗದುಗಿನ ಭಾರತವನ್ನೂ ತೊರವೆ ರಾಮಾಯಣವನ್ನೂ ಹೊಸದಾಗಿ ಕೊಂಡೆವು. ಅಂಚುಗಳು ಬೆಳ್ಳಗಿವೆ. ಬರೆಯಲು ಕುಳಿತರೆ ಮಳೆಗಳ ಹೆಸರು ನೆನಪಾಗುತ್ತವೆ, ವರ್ಷಗಳು ನೆನಪಾಗುವುದಿಲ್ಲ.

ಈ ಅಂಕಣವನ್ನು ಓದುವ ಮನೆಗಳಲ್ಲಿ, ಮುಖ್ಯವಾಗಿ ಕುಷ್ಟಗಿ ಮತ್ತು ಯಲಬುರ್ಗಾದ ಹಳ್ಳಿಗಳಲ್ಲಿ, ಅಟ್ಟದ ಮೇಲೆ ಅಥವಾ ಟ್ರಂಕಿನ ತಳದಲ್ಲಿ ಇಂಥ ಪುರಾಣದ ಪ್ರತಿಗಳು ಇನ್ನೂ ಇದ್ದಾವು. ದೀಪಾವಳಿಗೆ ಮನೆ ಸಾರಿಸುವ ಮೊದಲು ಒಮ್ಮೆ ತೆರೆದು ಅಂಚುಗಳನ್ನೂ ಒಳರಟ್ಟನ್ನೂ ನೋಡಬೇಕೆಂದು ಬಿನ್ನಹ. ಪುಸ್ತಕವನ್ನು ಕೊಡಬೇಕಾಗಿಲ್ಲ. ಅಲ್ಲಿ ಬರೆದದ್ದನ್ನು ನಕಲು ಮಾಡಿ, ಊರ ಹೆಸರಿನೊಂದಿಗೆ ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ನಾವು ಕ್ರಮವಾಗಿ ಜೋಡಿಸಿಡುತ್ತೇವೆ. ಮಕ್ಕಳ ಕೈಯಲ್ಲಿ ಮೊಬೈಲು ಇರುವ ಮನೆಗಳಲ್ಲಿ ಚಿತ್ರ ತೆಗೆದು ಕಳಿಸಿದರೂ ಆದೀತು.

ನಾಲ್ಕರಲ್ಲಿ ಒಂದು ಉಳಿದಿದೆ. ತಂಗಿಯನ್ನು ಯಲಬುರ್ಗಾ ತಾಲೂಕಿಗೆ ಕೊಟ್ಟಾಗ ತಾಯಿಯವರು ಗವಿಮಠದ ಪುಸ್ತಕವನ್ನು ಅವಳ ಉಡಿಯಲ್ಲಿ ಹಾಕಿ ಕಳಿಸಿದ್ದರಂತೆ, ನಮಗೆ ಗೊತ್ತಿರಲಿಲ್ಲ. ಕಳೆದ ಜಾತ್ರೆಯಲ್ಲಿ ಭೇಟಿಯಾದಾಗ ಕೇಳಿದೆವು. "ಕೊಡಂಗಿಲ್ಲ ಅಣ್ಣಾ, ಓದೂದಿದ್ರ ನಮ್ಮನಿಗೇ ಬಾ" ಎಂದಳು. ಹೋಗಿ ನೋಡಿದೆವು. ಒಳರಟ್ಟಿನ ಮೇಲೆ ತಂದೆಯವರ ಕೈಬರಹ, ಮಾಸಿದ್ದರೂ ಓದಬಹುದು: ಗವಿಮಠ ಜಾತ್ರೆ. ಹಾಲಿ ಆರು ಆಣೆ. ಈ ವರ್ಷ ಜೋಳ ಕಡಿಮೆ.